ಸೈಬೀರಿಯಾದ ಬಿಳಿ ಕ್ರೌಂಚ ಪಕ್ಷಿ: ಜೀವನಚಕ್ರ, ವಲಸೆ ಮತ್ತು ಇಂದಿನ ಸ್ಥಿತಿಗತಿಯ ವಿಶ್ಲೇಷಣೆ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಪ್ರಪಂಚದಲ್ಲಿ ಇಂದು ಉಳಿದಿರುವ ಕ್ರೌಂಚ ಪ್ರಭೇದಗಳು 15. ಅವುಗಳ ಪೈಕಿ ಸೈಬೀರಿಯನ್ ಕ್ರೇನ್ ಎಂಬ ಹೆಸರಿನಿಂದ ಪರಿಚಿತವಾಗಿರುವ ಬಿಳಿ ಕ್ರೌಂಚವನ್ನು ಮಾತ್ರ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ತನ್ನ ಕೆಂಪು ಪಟ್ಟಿಯ 2018ರ ಮೌಲ್ಯಮಾಪನದಲ್ಲಿ ಅತ್ಯಂತ ಗಂಭೀರ ಅಪಾಯದ ವರ್ಗದಲ್ಲಿ ಸೇರಿಸಿತ್ತು. ಒಂದು ಕಾಲದಲ್ಲಿ ಈ ಪಕ್ಷಿಯು ಪ್ರತಿ ಚಳಿಗಾಲದಲ್ಲಿ ರಾಜಸ್ಥಾನದ ಭರತಪುರಕ್ಕೆ ಬರುತ್ತಿತ್ತು. ಅಲ್ಲಿ ಕಡೆಯ ಜೋಡಿ ಕಂಡುಬಂದದ್ದು 2001-02ರ ಚಳಿಗಾಲದಲ್ಲಿ.

ಇದೇ ಅವಧಿಯಲ್ಲಿ ಚೀನಾದಲ್ಲಿ ಚಳಿಗಾಲ ಕಳೆಯುವ ಇದೇ ಪ್ರಭೇದದ ಹಕ್ಕಿಗಳ ಸಂಖ್ಯೆ ಹೆಚ್ಚಿದೆ. ಬಹಳ ವರ್ಷಗಳವರೆಗೆ 3,500ರಿಂದ 4,000 ಎಂದು ಅಂದಾಜಿಸಲಾಗಿದ್ದ ಸಂಖ್ಯೆಯು ಈಚಿನ ಎಣಿಕೆಗಳಲ್ಲಿ 5,000ವನ್ನು ಮೀರಿದೆ. ಒಟ್ಟು ಸಂಖ್ಯೆ ಹೆಚ್ಚಿರುವಾಗ ಭಾರತಕ್ಕೆ ಬರುವ ಹಕ್ಕಿಗಳು ಇಲ್ಲವಾದದ್ದು ಹೇಗೆ, ಸಂಖ್ಯೆ ಹೆಚ್ಚಿದ ಮೇಲೂ ಅಪಾಯ ಉಳಿದಿರುವುದು ಏಕೆ ಎಂಬ ಪ್ರಶ್ನೆಗಳು ಸಹಜವಾಗಿ ಏಳುತ್ತವೆ. ಇವುಗಳಿಗೆ ಉತ್ತರವು ಈ ಪಕ್ಷಿಯ ಜೀವನಚಕ್ರದಲ್ಲಿಯೇ ದೊರೆಯುತ್ತದೆ. ಸದರಿ ವಿಷಯವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

2. ಹೆಸರಿನ ಬಗ್ಗೆ ಒಂದು ಸ್ಪಷ್ಟೀಕರಣ

ಕನ್ನಡದಲ್ಲಿ ನೀಳ ಕಾಲು, ನೀಳ ಕೊಕ್ಕಿನ ಹಕ್ಕಿಗಳೆಲ್ಲವನ್ನೂ ಸಾಮಾನ್ಯವಾಗಿ ಕೊಕ್ಕರೆ ಎಂದೇ ಕರೆಯುವುದು ರೂಢಿ. ಆದರೆ ಕೊಕ್ಕರೆಗಳ ಕುಟುಂಬ ಬೇರೆ, ಕ್ರೌಂಚಗಳ ಕುಟುಂಬ ಬೇರೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಸೈಬೀರಿಯಾದಿಂದ ಬರುತ್ತವೆಂಬ ಮಾತು ಆಗಾಗ್ಗೆ ಕೇಳಿಬರುತ್ತದೆ. ಇದು ಸರಿಯಲ್ಲ. ಅವು ನಮ್ಮ ದೇಶದಲ್ಲಿಯೇ ನೆಲೆಸಿ ಮರಿಮಾಡುವ ಹಕ್ಕಿಗಳು. ಕೊಕ್ಕರೆಗಳು ಮರದ ಮೇಲೆ ಗೂಡು ಕಟ್ಟಿದರೆ, ಬಿಳಿ ಕ್ರೌಂಚವು ನೀರು ನಿಂತ ನೆಲದ ಮೇಲೆ ಗೂಡು ಕಟ್ಟುತ್ತದೆ. ಉತ್ತರ ಭಾರತದ ಹೊಲಗದ್ದೆಗಳಲ್ಲಿ ಕಾಣುವ ಸಾರಸ ಪಕ್ಷಿಯು ಕ್ರೌಂಚಗಳ ಕುಟುಂಬಕ್ಕೆ ಸೇರಿದ್ದು. ವಾಲ್ಮೀಕಿಯ ಶೋಕಕ್ಕೆ ಕಾರಣವಾದ ಕ್ರೌಂಚವು ಈ ಸಾರಸವೇ ಇರಬೇಕೆಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

3. ಪಕ್ಷಿಯ ಪರಿಚಯ

ಬಿಳಿ ಕ್ರೌಂಚವು ಸುಮಾರು 140 ಸೆಂ.ಮೀ. ಎತ್ತರದ ಹಕ್ಕಿ. ಬಿಚ್ಚಿದ ರೆಕ್ಕೆಗಳ ಅಗಲ 2 ಮೀಟರಿಗೂ ಹೆಚ್ಚು. ಮೈಯೆಲ್ಲ ಅಚ್ಚ ಬಿಳುಪು. ರೆಕ್ಕೆಯ ತುದಿಯ ಗರಿಗಳು ಮಾತ್ರ ಕಪ್ಪು. ನಿಂತಾಗ ಈ ಕಪ್ಪು ಗರಿಗಳು ಮರೆಯಾಗಿರುತ್ತವೆ, ಹಾರಿದಾಗಲಷ್ಟೇ ಕಾಣುತ್ತವೆ. ಮುಖದ ಮುಂಭಾಗದಲ್ಲಿ ಗರಿಗಳಿಲ್ಲದ ಕೆಂಪು ಚರ್ಮವಿದೆ. ಕಾಲುಗಳು ನಸುಗೆಂಪು. ಗಂಡು ಹೆಣ್ಣುಗಳಲ್ಲಿ ಬಣ್ಣದ ವ್ಯತ್ಯಾಸವಿಲ್ಲ, ಗಂಡು ಸ್ವಲ್ಪ ದೊಡ್ಡದು. ಮೊದಲ ವರ್ಷದ ಮರಿಯ ಮೈಮೇಲೆ ದಾಲ್ಚಿನ್ನಿ ಬಣ್ಣದ ಗರಿಗಳಿರುತ್ತವೆ. ಈ ಗುರುತಿನಿಂದಲೇ ಹಕ್ಕಿಗಣತಿ ಮಾಡುವವರು ಆಯಾ ವರ್ಷ ಬದುಕಿ ಬಂದ ಮರಿಗಳನ್ನು ಲೆಕ್ಕ ಹಾಕುತ್ತಾರೆ.

ಈ ಪಕ್ಷಿಯ ಕೊಕ್ಕು ನೀಳವಾಗಿದ್ದು ಅಂಚಿನಲ್ಲಿ ಗರಗಸದಂತಹ ಹಲ್ಲುಗಳಿವೆ. ಕೆಸರಿನೊಳಗೆ ಕೊಕ್ಕು ಇಳಿಸಿ ಜಾರುವ ಗೆಡ್ಡೆಗಳನ್ನು ಕಿತ್ತು ಹಿಡಿಯಲು ಇದು ಅನುಕೂಲ. ಚಳಿಗಾಲದಲ್ಲಿ ಇದರ ಮುಖ್ಯ ಆಹಾರವು ನಮ್ಮ ಹೊಲಗಳ ಕೊನ್ನಾರಿಯನ್ನು ಹೋಲುವ ಜೇಕು ಜಾತಿಯ ಸಸ್ಯಗಳ ಮತ್ತು ಇತರ ಜಲಸಸ್ಯಗಳ ಗೆಡ್ಡೆ, ಬೇರುಗಳು. ಬೇಸಿಗೆಯಲ್ಲಿ ಹಣ್ಣು, ಕೀಟ, ಮೀನು ಮತ್ತು ಸಣ್ಣ ದಂಶಕಗಳನ್ನೂ ತಿನ್ನುತ್ತದೆ. ಗೆಡ್ಡೆ ದೊರೆಯಬೇಕಾದರೆ ನೀರು ಆಳವಿಲ್ಲದೆ ಇರಬೇಕು, ನೆಲ ಒಣಗಿ ಗಟ್ಟಿಯಾಗಿರಲೂಬಾರದು. ಕ್ರೌಂಚಗಳಲ್ಲಿ ಇದರಷ್ಟು ನೀರಿಗೆ ಅಂಟಿಕೊಂಡ ಪ್ರಭೇದ ಬೇರೊಂದಿಲ್ಲ ಎನ್ನಲಾಗುತ್ತದೆ. ಕೆರೆ ಒಣಗಿದರೂ ಕಷ್ಟ, ಕೆರೆ ತುಂಬಿದರೂ ಕಷ್ಟ ಎಂಬಂತಹ ಬದುಕು ಇದರದು.

4. ಜೀವನಚಕ್ರ

ಬಿಳಿ ಕ್ರೌಂಚವು ಮರಿಮಾಡುವುದು ರಷ್ಯಾದ ಉತ್ತರ ಭಾಗದಲ್ಲಿ. ಇಂದು ಬಹುತೇಕ ಎಲ್ಲ ಗೂಡುಗಳೂ ಯಾಕೂತಿಯಾದ ಟಂಡ್ರಾ ಪ್ರದೇಶದಲ್ಲಿವೆ. ಅಲ್ಲಿನ ಸಾಖಾ ಜನರು ಈ ಹಕ್ಕಿಯನ್ನು ಕಿತಾಲಿಕ್ ಎಂದು ಕರೆದು ಪವಿತ್ರವೆಂದು ಭಾವಿಸುತ್ತಾರೆ. 2019ರಲ್ಲಿ ಅಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉದ್ಯಾನಕ್ಕೂ ಇದೇ ಹೆಸರಿದೆ. ಒಂದು ವರ್ಷದ ಕ್ರಮ ಈ ಕೆಳಕಂಡಂತಿರುತ್ತದೆ.

ಮೇ ಅಂತ್ಯ: ಹಿಮ ಕರಗುವ ವೇಳೆಗೆ ಹಕ್ಕಿಗಳು ಟಂಡ್ರಾ ತಲುಪುತ್ತವೆ. ಒಂದು ಜೋಡಿಗೂ ಮತ್ತೊಂದು ಜೋಡಿಗೂ ನಡುವೆ ಕಿಲೋಮೀಟರುಗಟ್ಟಲೆ ಅಂತರವಿರುತ್ತದೆ. ಗಂಡು ಹೆಣ್ಣು ಒಟ್ಟಾಗಿ ಕೂಗಿ ತಮ್ಮ ಎಲ್ಲೆಯನ್ನು ಸಾರುತ್ತವೆ.

ಜೂನ್ ಆರಂಭ: ನಿಂತ ನೀರಿನ ನಡುವೆ ಜೇಕುಹುಲ್ಲಿನ ದಿಬ್ಬದ ಮೇಲೆ ಸಾಮಾನ್ಯವಾಗಿ 2 ಮೊಟ್ಟೆಗಳನ್ನಿಡುತ್ತವೆ. ಸುಮಾರು 29 ದಿನಗಳ ಕಾಲ ತಂದೆ ತಾಯಿ ಎರಡೂ ಸರದಿಯ ಮೇಲೆ ಕಾವು ಕೊಡುತ್ತವೆ.

ಜುಲೈ ಆರಂಭ: ಮರಿಗಳು ಹೊರಬರುತ್ತವೆ. ಎರಡು ಮರಿಗಳ ನಡುವೆ ತೀವ್ರ ಕಾದಾಟ ನಡೆಯುವುದರಿಂದ ಸಾಮಾನ್ಯವಾಗಿ ಒಂದೇ ಮರಿ ಉಳಿಯುತ್ತದೆ.

ಸೆಪ್ಟೆಂಬರ್: ಹುಟ್ಟಿದ 70ರಿಂದ 80 ದಿನಗಳಲ್ಲಿ ಮರಿಯ ರೆಕ್ಕೆ ಬಲಿತು ಹಾರಲು ಶಕ್ತವಾಗುತ್ತದೆ. ಅಷ್ಟರಲ್ಲಿ ಹಿಮ ಮತ್ತೆ ಆರಂಭವಾಗುವುದರಿಂದ ತಡಮಾಡದೆ ದಕ್ಷಿಣಕ್ಕೆ ಹೊರಡಬೇಕಾಗುತ್ತದೆ.

ಅಕ್ಟೋಬರ್‌ನಿಂದ ಏಪ್ರಿಲ್: ಸುಮಾರು 5,000 ಕಿ.ಮೀ. ವಲಸೆ, ಚಳಿಗಾಲದ ವಾಸ ಮತ್ತು ಮರುಪ್ರಯಾಣ. ಈ ಅವಧಿಯಲ್ಲಿ ಮರಿಯು ತಂದೆ ತಾಯಿಯ ಜೊತೆಯಲ್ಲಿಯೇ ಇರುತ್ತದೆ.

ಮೇಲ್ಕಂಡ ದಿನಗಳನ್ನು ಕೂಡಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಾವಿನ 29 ದಿನ, ರೆಕ್ಕೆ ಬಲಿಯುವ 70ರಿಂದ 80 ದಿನ ಸೇರಿ ಮೂರೂವರೆ ತಿಂಗಳಾದವು. ಟಂಡ್ರಾದ ಬೇಸಿಗೆ ಇರುವುದೇ ಅಷ್ಟು. ವಸಂತ ಎರಡು ವಾರ ತಡವಾದರೆ, ಅಥವಾ ಮೊದಲ ಮೊಟ್ಟೆಗಳು ನರಿಯ ಪಾಲಾದರೆ, ಆ ವರ್ಷದ ಅವಕಾಶ ಕೈತಪ್ಪುತ್ತದೆ.

ಹಕ್ಕಿಗಳು ಸ್ವತಃ ಮರಿಮಾಡಲು ಆರಂಭಿಸುವುದು ಸಾಮಾನ್ಯವಾಗಿ 5ರಿಂದ 7ನೇ ವಯಸ್ಸಿನಲ್ಲಿ. ಅಲ್ಲಿಂದ ಮುಂದೆ ವರ್ಷಕ್ಕೆ ಹೆಚ್ಚೆಂದರೆ ಒಂದು ಮರಿ, ಕೆಲವು ವರ್ಷ ಅದೂ ಇಲ್ಲ. ಇದಕ್ಕೆ ಪ್ರತಿಯಾಗಿ ದೀರ್ಘಾಯುಸ್ಸನ್ನು ಪ್ರಕೃತಿ ಕೊಟ್ಟಿದೆ. ಪಾಲನೆಯಲ್ಲಿದ್ದ ಒಂದು ಹಕ್ಕಿ 80 ವರ್ಷಕ್ಕೂ ಹೆಚ್ಚು ಕಾಲ ಬದುಕಿದ ದಾಖಲೆಯಿದೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಇದು ಅತಿ ಕಡಿಮೆ ಬಡ್ಡಿಯ ಮೇಲೆ ಬಹುಕಾಲ ನಡೆಯುವ ಸಂಸಾರ. ಅಸಲು ಕೈಬಿಡದಿದ್ದರೆ ಮಾತ್ರ ನಡೆಯುತ್ತದೆ. ಬೇಟೆಗಾರನ ಗುಂಡಿಗೆ ಬಲಿಯಾದ ಒಂದು ವಯಸ್ಕ ಹಕ್ಕಿಯ ಸ್ಥಾನವನ್ನು ತುಂಬಲು ಹಲವು ವರ್ಷಗಳೇ ಬೇಕು.

5. ದಾರಿ ಕಲಿಯುವ ಬಗೆ

ವಲಸೆ ಹೋಗಬೇಕೆಂಬ ತುಡಿತ ಮರಿಗೆ ಹುಟ್ಟಿನಿಂದ ಬರುತ್ತದೆ. ಆದರೆ ಯಾವ ನದಿಯ ಗುಂಟ ಹಾರಬೇಕು, ಯಾವ ಸರೋವರದಲ್ಲಿ ಇಳಿಯಬೇಕು, ಎಲ್ಲಿ ಚಳಿಗಾಲ ಕಳೆಯಬೇಕು ಎಂಬುದನ್ನು ಅದು ತನ್ನ ಮೊದಲ ಪ್ರಯಾಣದಲ್ಲಿ ಹಿರಿಯ ಹಕ್ಕಿಗಳನ್ನು ಹಿಂಬಾಲಿಸಿ ಕಲಿಯುತ್ತದೆ. ಉತ್ತರ ಅಮೆರಿಕದ ವೂಪಿಂಗ್ ಕ್ರೇನ್ ಎಂಬ ಮತ್ತೊಂದು ಅಪರೂಪದ ಕ್ರೌಂಚದ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವು, ಅನುಭವಿ ಹಿರಿಯ ಹಕ್ಕಿ ಜೊತೆಗಿದ್ದ ಗುಂಪುಗಳು ನೇರ ಮಾರ್ಗದಿಂದ ಕಡಿಮೆ ಅಡ್ಡದಾರಿ ಹಿಡಿಯುತ್ತವೆಂದು ತೋರಿಸಿತು. ಅಂದರೆ ವಲಸೆ ಮಾರ್ಗವು ಒಂದು ತಲೆಮಾರು ಮುಂದಿನ ತಲೆಮಾರಿಗೆ ಒಪ್ಪಿಸುವ ಆಸ್ತಿ. ಒಪ್ಪಿಸುವವರು ಇಲ್ಲವಾದರೆ ಆ ಆಸ್ತಿಯೂ ಇಲ್ಲವಾಗುತ್ತದೆ.

ಬಿಳಿ ಕ್ರೌಂಚಗಳಲ್ಲಿ ಇಂತಹ ಮೂರು ಮಾರ್ಗಗಳಿದ್ದವು.

(ಅ) ಪೂರ್ವ ಮಾರ್ಗ: ಯಾಕೂತಿಯಾದಿಂದ ಚೀನಾದ ಜಿಯಾಂಗ್ಸಿ ಪ್ರಾಂತದ ಪೊಯಾಂಗ್ ಸರೋವರಕ್ಕೆ.
(ಆ) ಮಧ್ಯ ಮಾರ್ಗ: ಪಶ್ಚಿಮ ಸೈಬೀರಿಯಾದ ಓಬ್ ನದಿಯ ಬಯಲಿನಿಂದ ಕಜಾಕಸ್ತಾನ, ಅಫಘಾನಿಸ್ತಾನ, ಪಾಕಿಸ್ತಾನಗಳ ಮೂಲಕ ಭರತಪುರಕ್ಕೆ.
(ಇ) ಪಶ್ಚಿಮ ಮಾರ್ಗ: ಪಶ್ಚಿಮ ಸೈಬೀರಿಯಾದಿಂದ ಕ್ಯಾಸ್ಪಿಯನ್ ಸಮುದ್ರದ ದಕ್ಷಿಣ ತೀರದಲ್ಲಿರುವ ಇರಾನಿನ ಫೆರೆದೂನ್‌ಕೆನಾರ್‌ಗೆ.

6. ಭರತಪುರದ ಅನುಭವ

ಭರತಪುರದ ಕೇವಲಾದೇವ ಉದ್ಯಾನದ ವಿಸ್ತೀರ್ಣ ಸುಮಾರು 29 ಚದರ ಕಿ.ಮೀ. 1981ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು, 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1985ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿತವಾಯಿತು. ಇಷ್ಟು ರಕ್ಷಣೆ ಪಡೆದ ಜೌಗು ಪ್ರದೇಶ ದೇಶದಲ್ಲಿ ಬೇರೆ ವಿರಳ. ಆದರೆ ಹಕ್ಕಿಗಳ ಎಣಿಕೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿತು. 1964-65ರಲ್ಲಿ ಸುಮಾರು 200 ಇದ್ದ ಬಿಳಿ ಕ್ರೌಂಚಗಳು 1980ರ ದಶಕದ ಆರಂಭದಲ್ಲಿ 40ರ ಆಸುಪಾಸಿಗೆ ಇಳಿದವು. 1993-94 ಮತ್ತು 1994-95ರಲ್ಲಿ ಒಂದೂ ಬರಲಿಲ್ಲ. 1996ರಲ್ಲಿ 4 ಹಕ್ಕಿಗಳು ಮರಳಿ ಕಾಣಿಸಿಕೊಂಡಾಗ ಆಸೆ ಚಿಗುರಿತು. 2002ರಲ್ಲಿ ಕಡೆಯ ಜೋಡಿ ಉತ್ತರಕ್ಕೆ ಹಾರಿತು. ಅದು ಮರಳಲಿಲ್ಲ.

ಇದಕ್ಕೆ ಕಾರಣಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಉದ್ಯಾನದೊಳಗಿನದು. 1982ರಲ್ಲಿ ಜಾನುವಾರು ಮೇಯಿಸುವುದನ್ನು ನಿಷೇಧಿಸಿದಾಗ ಸುತ್ತಲಿನ ಗ್ರಾಮಸ್ಥರೊಂದಿಗೆ ಸಂಘರ್ಷ ನಡೆದು ಪೊಲೀಸ್ ಗೋಲಿಬಾರಿನಲ್ಲಿ ಜನರು ಪ್ರಾಣ ಕಳೆದುಕೊಂಡರು. ಎಮ್ಮೆಗಳು ಹೊರಬಿದ್ದ ಮೇಲೆ ನೀರಿನ ಮೇಲೆ ಒಂದು ಜಾತಿಯ ಹುಲ್ಲು ದಟ್ಟವಾಗಿ ಹಬ್ಬಿತು. ಮೇವು ನಿಂತದ್ದು ಹಕ್ಕಿಗಳಿಗೆ ಅನುಕೂಲವಾಗುವ ಬದಲು ತೊಂದರೆಯನ್ನೇ ಉಂಟುಮಾಡಿತೆಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನವು ತಿಳಿಸಿತು. ಗಂಭೀರ್ ನದಿಯ ಮೇಲ್ಭಾಗದ ಪಾಂಚನಾ ಅಣೆಕಟ್ಟಿನ ನೀರಿನ ವಿವಾದದಿಂದ 2004ರ ನಂತರದ ವರ್ಷಗಳಲ್ಲಿ ಉದ್ಯಾನವು ತೀವ್ರ ನೀರಿನ ಕೊರತೆಯನ್ನೂ ಎದುರಿಸಿತು. ಆದರೆ ಅಷ್ಟು ಹೊತ್ತಿಗೆ ಬಿಳಿ ಕ್ರೌಂಚಗಳು ಬರುವುದು ನಿಂತೇ ಹೋಗಿತ್ತು.

ಎರಡನೆಯದು ಉದ್ಯಾನದ ಹೊರಗಿನದು, ಮತ್ತು ಹೆಚ್ಚು ಮುಖ್ಯವಾದದ್ದು. ದಾರಿಯುದ್ದಕ್ಕೂ, ವಿಶೇಷವಾಗಿ ಅಫಘಾನಿಸ್ತಾನ ಮತ್ತು ಪಾಕಿಸ್ತಾನದ ಗಡಿ ಪ್ರದೇಶಗಳಲ್ಲಿ, ಕ್ರೌಂಚಗಳನ್ನು ಬೇಟೆಯಾಡುವ ಮತ್ತು ಜೀವಂತ ಹಿಡಿದು ಸಾಕುವ ಪದ್ಧತಿ ಹಳೆಯದು. 1979ರ ನಂತರ ಆ ಪ್ರದೇಶದಲ್ಲಿ ಯುದ್ಧ ನಡೆದು ಬಂದೂಕುಗಳು ಹೆಚ್ಚಿದವು. ಹಕ್ಕಿಗಳು ಇಳಿಯುತ್ತಿದ್ದ ಅಫಘಾನಿಸ್ತಾನದ ಆಬ್-ಎ-ಇಸ್ತಾದಾ ಸರೋವರಕ್ಕೆ ಕಾವಲು ಇಲ್ಲವಾಯಿತು. ಭರತಪುರದಲ್ಲಿ ನಾಲ್ಕು ತಿಂಗಳು ಸುರಕ್ಷಿತವಾಗಿದ್ದ ಹಕ್ಕಿಯು ವರ್ಷಕ್ಕೆ ಎರಡು ಬಾರಿ ಆ ದಾರಿಯನ್ನು ದಾಟಲೇಬೇಕಿತ್ತು. ವರ್ಷಕ್ಕೆ ಒಂದು ಮರಿಯೂ ನಿಶ್ಚಯವಿಲ್ಲದ ಪಕ್ಷಿಯಲ್ಲಿ ಪ್ರತಿ ಪ್ರಯಾಣದಲ್ಲೂ ಒಂದೆರಡು ಹಿರಿಯ ಹಕ್ಕಿಗಳು ಕಳೆದುಹೋದರೆ ಗುಂಪು ಕರಗುವುದು ಅನಿವಾರ್ಯ.

1993ರಲ್ಲಿ ಪಾಲನೆಯಲ್ಲಿ ಬೆಳೆದ ಕೆಲವು ಬಿಳಿ ಕ್ರೌಂಚಗಳನ್ನು ಭರತಪುರದಲ್ಲಿ ಬಿಡಲಾಯಿತು. ಅವು ವಲಸೆ ಹೋಗಲಿಲ್ಲ. ಕೆರೆ ಇತ್ತು, ಗೆಡ್ಡೆ ಇತ್ತು, ಹಕ್ಕಿಗಳೂ ಇದ್ದವು. ದಾರಿ ಹೇಳಿಕೊಡುವ ಹಿರಿಯ ಹಕ್ಕಿ ಇರಲಿಲ್ಲ.

7. ಇರಾನಿನ ಒಂಟಿ ಹಕ್ಕಿ

ಪಶ್ಚಿಮ ಮಾರ್ಗದ ಕಥೆಯೂ ಹೆಚ್ಚು ಭಿನ್ನವಲ್ಲ. ಫೆರೆದೂನ್‌ಕೆನಾರ್‌ನಲ್ಲಿ ಬಾತುಕೋಳಿ ಹಿಡಿಯುವವರ ಹಳೆಯ ಗದ್ದೆ ಬಯಲಿನಲ್ಲಿ ಚಳಿಗಾಲ ಕಳೆಯುತ್ತಿದ್ದ ಸಣ್ಣ ಗುಂಪು ಕ್ರಮೇಣ ಕ್ಷೀಣಿಸಿತು. 2007ರ ನಂತರದ ವರ್ಷಗಳಲ್ಲಿ ಅಲ್ಲಿಗೆ ಬರುತ್ತಿದ್ದುದು ಒಂದೇ ಗಂಡು. ಸ್ಥಳೀಯರು ಅದಕ್ಕೆ ಪಾರಸಿ ಭಾಷೆಯಲ್ಲಿ ಭರವಸೆ ಎಂಬ ಅರ್ಥದ ಒಮಿದ್ ಎಂಬ ಹೆಸರಿಟ್ಟರು. ಜೊತೆಯಿಲ್ಲದ ಈ ಹಕ್ಕಿಯು ವರ್ಷಗಟ್ಟಲೆ ಏಕಾಂಗಿಯಾಗಿ ಸೈಬೀರಿಯಾಕ್ಕೆ ಹೋಗಿ ಬರುತ್ತಿತ್ತು.

2023ರಲ್ಲಿ ಬೆಲ್ಜಿಯಂನ ಒಂದು ಪಾಲನಾ ಕೇಂದ್ರದಿಂದ ರೋಯಾ ಎಂಬ ಹೆಣ್ಣನ್ನು ತಂದು ಬಿಡಲಾಯಿತು. ಎರಡೂ ಜೋಡಿಯಾದವು. ವಲಸೆಯ ಕಾಲ ಬಂದಾಗ ಒಮಿದ್ ಉತ್ತರಕ್ಕೆ ಹೊರಟಿತು, ಆದರೆ ರೋಯಾ ಆ ದೀರ್ಘ ಪ್ರಯಾಣದಲ್ಲಿ ಜೊತೆಗೂಡಲಾರದೆ ಉಳಿಯಿತು. ರಷ್ಯಾದ ಓಕಾ ಸಂರಕ್ಷಿತ ಪ್ರದೇಶದ ಪಾಲನಾ ಕೇಂದ್ರವು ದಶಕಗಳಿಂದ ಮರಿಗಳನ್ನು ಬೆಳೆಸಿ ಪಶ್ಚಿಮ ಸೈಬೀರಿಯಾದಲ್ಲಿ ಬಿಡುತ್ತ ಬಂದಿದೆ. 2012ರಲ್ಲಿ ಲಘು ವಿಮಾನವನ್ನು ಮುಂದಿಟ್ಟುಕೊಂಡು ಮರಿಗಳಿಗೆ ದಾರಿ ತೋರಿಸುವ ಪ್ರಯತ್ನವೂ ನಡೆಯಿತು. ಇಷ್ಟೆಲ್ಲ ಶ್ರಮದ ನಂತರವೂ ಭಾರತ ಮತ್ತು ಇರಾನಿನ ಮಾರ್ಗಗಳಲ್ಲಿ ಸ್ವಂತ ಬಲದ ಮೇಲೆ ನಿಲ್ಲುವ ಗುಂಪು ಮತ್ತೆ ರೂಪುಗೊಂಡಿಲ್ಲ.

8. ಪೊಯಾಂಗ್ ಸರೋವರ: ಒಂದೇ ಸ್ಥಳದ ಮೇಲಿನ ಅವಲಂಬನೆ

ಪೊಯಾಂಗ್ ಚೀನಾದ ಅತಿ ದೊಡ್ಡ ಸಿಹಿನೀರಿನ ಸರೋವರ. ಅಲ್ಲಿ ಬಿಳಿ ಕ್ರೌಂಚಗಳು ಚಳಿಗಾಲ ಕಳೆಯುವ ಸಂಗತಿಯು ವಿಜ್ಞಾನಿಗಳ ಗಮನಕ್ಕೆ ಬಂದದ್ದು 1980ರ ದಶಕದ ಆರಂಭದಲ್ಲಿ. ಇಂದು ಪ್ರಪಂಚದ ಬಿಳಿ ಕ್ರೌಂಚಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಈ ಸರೋವರ ಮತ್ತು ಅದರ ಸುತ್ತಲಿನ ಪ್ರದೇಶವನ್ನು ಆಶ್ರಯಿಸಿವೆ.

ಈ ಸರೋವರವು ಬೇಸಿಗೆಯಲ್ಲಿ ಯಾಂಗ್‌ಟ್ಸಿ ನದಿಯ ಪ್ರವಾಹದಿಂದ ತುಂಬಿ 3,000 ಚದರ ಕಿ.ಮೀ.ಗೂ ಹೆಚ್ಚು ಹರಡುತ್ತದೆ. ಚಳಿಗಾಲದಲ್ಲಿ 1,000 ಚದರ ಕಿ.ಮೀ.ಗಿಂತಲೂ ಕಡಿಮೆಗೆ ಕುಗ್ಗುತ್ತದೆ. ನೀರು ಹೀಗೆ ನಿಧಾನವಾಗಿ ಇಳಿಯುತ್ತಿದ್ದಂತೆ ಅಂಚಿನ ಕೆಸರು ತೆರೆದುಕೊಂಡು, ಬೇಸಿಗೆಯಲ್ಲಿ ಬೆಳೆದ ಜಲಸಸ್ಯಗಳ ಗೆಡ್ಡೆಗಳು ದಿನದಿಂದ ದಿನಕ್ಕೆ ಹಕ್ಕಿಗಳಿಗೆ ಎಟುಕುತ್ತವೆ. ನೀರಿನ ಏರಿಳಿತವೇ ಇಲ್ಲಿನ ಉಗ್ರಾಣದ ಬೀಗದ ಕೈ. 2010ರ ಭಾರಿ ಪ್ರವಾಹದ ಬೇಸಿಗೆಯಲ್ಲಿ ಗೆಡ್ಡೆಯ ಬೆಳೆ ವಿಫಲವಾದಾಗ ಹಕ್ಕಿಗಳು ಸರೋವರ ಬಿಟ್ಟು ಹುಲ್ಲುಗಾವಲುಗಳಿಗೆ ಬಂದವು. ನಂತರದ ವರ್ಷಗಳಲ್ಲಿ ಭತ್ತದ ಗದ್ದೆಗಳಲ್ಲಿ, ತಾವರೆಗೆಡ್ಡೆ ಬೆಳೆಯುವ ಹೊಂಡಗಳಲ್ಲಿ ಅವು ಮೇಯುವುದು ಸಾಮಾನ್ಯವಾಯಿತು. ಹಕ್ಕಿಗಳಿಗಾಗಿಯೇ ಕೆಲವು ತಾವರೆ ಹೊಂಡಗಳನ್ನು ಗುತ್ತಿಗೆಗೆ ಪಡೆದು ಬಿಟ್ಟ ಉದಾಹರಣೆಯೂ ಇದೆ. 2022ರಲ್ಲಿ ಇದಕ್ಕೆ ವಿರುದ್ಧವಾಗಿ ಬರಗಾಲ ಬಂದು ಸರೋವರದ ನೀರಿನ ಮಟ್ಟ ದಾಖಲೆಯ ಪ್ರಮಾಣದಲ್ಲಿ ಕುಸಿಯಿತು.

ಸರೋವರವು ಯಾಂಗ್‌ಟ್ಸಿಗೆ ಸೇರುವ ಬಾಯಿಯಲ್ಲಿ ನೀರು ನಿಯಂತ್ರಿಸುವ ಕಟ್ಟೆ ನಿರ್ಮಿಸುವ ಪ್ರಸ್ತಾವನೆಯು ದೀರ್ಘಕಾಲದಿಂದ ಚರ್ಚೆಗೆ ಒಳಗಾಗಿದೆ. ಬೇಸಾಯ ಮತ್ತು ಕುಡಿಯುವ ನೀರಿನ ದೃಷ್ಟಿಯಿಂದ ಅದರ ಪರವಾದ ವಾದಗಳಿವೆ. ಚಳಿಗಾಲದಲ್ಲಿ ನೀರನ್ನು ಎತ್ತರದಲ್ಲಿ ಹಿಡಿದಿಟ್ಟರೆ ಗೆಡ್ಡೆಗಳು ನೀರಿನಡಿಯೇ ಉಳಿಯುತ್ತವೆಂಬುದು ಪಕ್ಷಿತಜ್ಞರ ಆಕ್ಷೇಪ.

ಸಂಖ್ಯೆ ಹೆಚ್ಚಿರುವುದು ಸಂತೋಷದ ವಿಷಯ. ಚೀನಾದ ಈಶಾನ್ಯ ಭಾಗದಲ್ಲಿ ಹಕ್ಕಿಗಳು ತಂಗುವ ಮೊಮೊಗೆ ಜೌಗು ಪ್ರದೇಶಕ್ಕೆ ನೀರು ಹರಿಸಿದ್ದು ಮುಂತಾದ ಕ್ರಮಗಳು ಫಲ ನೀಡಿವೆ. ಆದರೆ ಅಢಾವೆ ಪತ್ರಿಕೆಯಲ್ಲಿ ಆಸ್ತಿಯ ಒಟ್ಟು ಮೊತ್ತವನ್ನು ಮಾತ್ರ ಓದುವುದು ಸಾಲದು, ಅದು ಎಲ್ಲಿ ತೊಡಗಿಸಲ್ಪಟ್ಟಿದೆ ಎಂಬುದನ್ನೂ ನೋಡಬೇಕು. ಮೂರು ಮಾರ್ಗಗಳಲ್ಲಿ ಹಂಚಿಹೋಗಿದ್ದ ಪ್ರಭೇದವೊಂದು ಇಂದು ಒಂದೇ ಮಾರ್ಗದ, ಒಂದೇ ಸರೋವರದ ಮೇಲೆ ನಿಂತಿದೆ.

9. ಅಂತರರಾಷ್ಟ್ರೀಯ ಕ್ರಮಗಳು

ಬಿಳಿ ಕ್ರೌಂಚದ ಸಂರಕ್ಷಣೆಗಾಗಿ 1993ರಲ್ಲಿ ವಲಸೆ ಪ್ರಾಣಿಗಳ ಸಮಾವೇಶದಡಿ ತಿಳಿವಳಿಕೆ ಒಡಂಬಡಿಕೆಯೊಂದು ಜಾರಿಗೆ ಬಂದಿತು. ಭಾರತವೂ ಸೇರಿ 11 ದೇಶಗಳು ಇದರ ವ್ಯಾಪ್ತಿಯಲ್ಲಿವೆ. 2003ರಿಂದ 2009ರವರೆಗೆ ರಷ್ಯಾ, ಚೀನಾ, ಕಜಾಕಸ್ತಾನ ಮತ್ತು ಇರಾನ್ ದೇಶಗಳಲ್ಲಿ ಜೌಗು ಪ್ರದೇಶಗಳ ಸಂರಕ್ಷಣಾ ಯೋಜನೆ ನಡೆಯಿತು. 2020ರ ಫೆಬ್ರವರಿಯಲ್ಲಿ ಇದೇ ಸಮಾವೇಶದ 13ನೇ ಅಧಿವೇಶನ ಗುಜರಾತಿನ ಗಾಂಧಿನಗರದಲ್ಲಿ ಜರುಗಿತು. 2024ರಲ್ಲಿ ಉಜ್ಬೇಕಿಸ್ತಾನದ ಸಮರಖಂಡದಲ್ಲಿ ಸೇರಿದ 14ನೇ ಅಧಿವೇಶನದಲ್ಲಿ ಮಧ್ಯ ಏಷ್ಯಾ ವಲಸೆ ಪಥದ ರಕ್ಷಣೆಗೆ ದೇಶಗಳು ಒಟ್ಟಾಗಿ ಕೆಲಸ ಮಾಡುವ ಉಪಕ್ರಮಕ್ಕೆ ಒಪ್ಪಿಗೆ ದೊರೆಯಿತು. ಭರತಪುರದ ಕ್ರೌಂಚಗಳು ಹಾರುತ್ತಿದ್ದುದು ಇದೇ ಪಥದಲ್ಲಿ. ಅವುಗಳ ಮಟ್ಟಿಗೆ ಈ ಒಪ್ಪಿಗೆ ತಡವಾಗಿ ಬಂದಿದೆ. ಇತರ ಹಕ್ಕಿಗಳಿಗೆ ಇನ್ನೂ ಕಾಲವಿದೆ.

10. ನಮ್ಮ ರಾಜ್ಯಕ್ಕೆ ಸಂಬಂಧಿಸಿದಂತೆ

ಬಿಳಿ ಕ್ರೌಂಚವು ಕರ್ನಾಟಕದ ಹಕ್ಕಿಯಲ್ಲ. ಆದರೆ ಮಧ್ಯ ಏಷ್ಯಾ ವಲಸೆ ಪಥವು ನಮ್ಮ ರಾಜ್ಯದವರೆಗೂ ಚಾಚಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ಕ್ರೌಂಚದಂತೆ ಇವುಗಳ ಮರಿಗಳೂ ಹಿರಿಯರ ಜೊತೆ ಹಾರಿ ದಾರಿ ಕಲಿಯುತ್ತವೆ. ರಂಗನತಿಟ್ಟು 2022ರಲ್ಲಿ, ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿವೆ. ಪಟ್ಟಿಗೆ ಸೇರುವುದೊಂದೇ ಸಾಲದೆಂಬುದಕ್ಕೆ ಭರತಪುರವೇ ಸಾಕ್ಷಿ. ಊರಿನ ಸಾಮಾನ್ಯ ಕೆರೆಗಳು, ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದ ಹಿನ್ನೀರಿನ ಅಂಚುಗಳು ವಲಸೆ ಹಕ್ಕಿಗಳಿಗೆ ದಾರಿಯ ತಂಗುದಾಣಗಳಾಗಿವೆ.

11. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

(1) ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನ್ವಯ ಹಕ್ಕಿಯ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು ಸಹ ಬೇಟೆಯ ವ್ಯಾಖ್ಯೆಯಲ್ಲಿ ಸೇರುತ್ತದೆ. ಬಿಳಿ ಕ್ರೌಂಚವು ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿದೆ. ಈ ಅನುಸೂಚಿಯ ಪ್ರಾಣಿಪಕ್ಷಿಗಳ ಬೇಟೆಗೆ 3ರಿಂದ 7 ವರ್ಷಗಳ ಕಾರಾವಾಸ ಮತ್ತು ದಂಡ ವಿಧಿಸಲು ಅವಕಾಶವಿದೆ.

(2) ಪಕ್ಷಿಧಾಮಗಳಲ್ಲಿ ಪ್ರವೇಶ, ಛಾಯಾಗ್ರಹಣ ಅಥವಾ ಸಂಶೋಧನೆಗಾಗಿ ಅರ್ಜಿ ಸಲ್ಲಿಸುವವರು ಸದರಿ ಅಧಿನಿಯಮದ ಕಲಂ 28ರಡಿ ಅನುಮತಿ ಪಡೆಯತಕ್ಕದ್ದು. ಅರ್ಜಿಯಲ್ಲಿ ಉದ್ದೇಶ, ಸ್ಥಳ ಮತ್ತು ದಿನಾಂಕಗಳನ್ನು ಸ್ಪಷ್ಟವಾಗಿ ನಮೂದಿಸುವುದು. ಗೂಡಿನ ಸಮೀಪಕ್ಕೆ ಹೋಗಿ ಚಿತ್ರ ತೆಗೆಯಬಾರದು. ಹೆದರಿ ಎದ್ದ ಹಕ್ಕಿಯ ಮೊಟ್ಟೆಗಳು ಬಿಸಿಲಿಗೋ ಕಾಗೆಗೋ ಬಲಿಯಾಗುತ್ತವೆ.

(3) ಕೆರೆಯಂಗಳದ ಬಳಕೆಗೆ ಸಂಬಂಧಿಸಿದ ಯಾವುದೇ ಅರ್ಜಿ ಸಲ್ಲಿಸುವ ಮುನ್ನ ಜೌಗು ಪ್ರದೇಶಗಳ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳು, 2017 ಮತ್ತು ರಾಜ್ಯದ ಕೆರೆ ಸಂರಕ್ಷಣಾ ಕಾನೂನುಗಳನ್ನು ಗಮನಿಸುವುದು. ಚಳಿಗಾಲದಲ್ಲಿ ನೀರು ಇಳಿದು ಬಯಲಾದ ಅಂಚು ಖಾಲಿ ಜಾಗವಲ್ಲ, ಅದು ಕೆರೆಯ ಭಾಗ ಮತ್ತು ಹಕ್ಕಿಗಳ ಮೇವಿನ ನೆಲ.

(4) ಕಾಲಿಗೆ ಉಂಗುರ ಅಥವಾ ಕುತ್ತಿಗೆಗೆ ಪಟ್ಟಿ ಇರುವ ಹಕ್ಕಿ ಕಂಡುಬಂದಲ್ಲಿ ಅದನ್ನು ಹಿಡಿಯಲು ಯತ್ನಿಸದೆ, ಬಣ್ಣ ಮತ್ತು ಅಕ್ಷರಗಳನ್ನು ಬರೆದುಕೊಂಡು ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸುವುದು. ಅದರಿಂದ ಆ ಹಕ್ಕಿಯ ಮಾರ್ಗ ಗೊತ್ತಾಗುತ್ತದೆ.

ಭರತಪುರಕ್ಕೆ ಬರುತ್ತಿದ್ದ ಬಿಳಿ ಕ್ರೌಂಚಗಳ ದಾರಿಯನ್ನು ಇಂದು ಬಲ್ಲ ಹಕ್ಕಿ ಒಂದೂ ಉಳಿದಿಲ್ಲ. ನಮ್ಮ ಕೆರೆಗಳಿಗೆ ಬರುವ ಹೆಬ್ಬಾತುಗಳಿಗೆ ದಾರಿ ಇನ್ನೂ ಗೊತ್ತಿದೆ. ಅವು ಬಂದಿಳಿದಾಗ ಕೆರೆಯಲ್ಲಿ ನೀರು, ಅಂಚಿನಲ್ಲಿ ಮೇವು, ದಡದಲ್ಲಿ ನೆಮ್ಮದಿ ಇರುವಂತೆ ನೋಡಿಕೊಳ್ಳುವಲ್ಲಿ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.